ಮನೆ ಯಾರ ಹೆಸರಿನಲ್ಲಿದ್ದರೂ: ಮುನಿದ ದಂಪತಿಗಳು ಮತ್ತು ನ್ಯಾಯಾಲಯದ ರಕ್ಷಣೆ

'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬ ಗಾದೆ ಕನ್ನಡಿಗರಲ್ಲಿ ಮನೆಮಾತಾಗಿದೆ. ಬಹುಪಾಲು ಸಂಸಾರಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಉಂಡು ಮಲಗಿದ ಮೇಲೂ ಮುಗಿಯದ ಜಗಳಗಳುಂಟು. ಉಣ್ಣಲಿಕ್ಕೂ ಮಲಗಲಿಕ್ಕೂ ಎಡೆಗೊಡದ ಜಗಳಗಳುಂಟು. ಊರಿನಲ್ಲಿದ್ದಾಗ ಇಂತಹ ಪ್ರಸಂಗ ಒದಗಿದರೆ ಓಣಿಯ ಹಿರಿಯರು ಕೂಡುತ್ತಿದ್ದರು, ತವರಿನಿಂದ ಅಣ್ಣನೋ ಸೋದರಮಾವನೋ ಬಂದು ಎರಡು ಮಾತು ಆಡುತ್ತಿದ್ದರು. ಉದ್ಯೋಗವನ್ನರಸಿ ಪುಣೆಗೆ ಬಂದು ನೆಲೆಸಿದ ಕುಟುಂಬಕ್ಕೆ ಆ ಕಟ್ಟೆಯೂ ಇಲ್ಲ, ಆ ಹಿರಿಯರೂ ಹತ್ತಿರವಿಲ್ಲ. ನಗರದ ದಕ್ಷಿಣದಲ್ಲಿ ಸಾತಾರಾ ರಸ್ತೆಯ ಮಗ್ಗುಲಿಗೆ ಬೆಳೆದಿರುವ ಧನಕವಡಿಯಂತಹ ಬಡಾವಣೆಯಲ್ಲಿ ಒಂದೇ ಮಹಡಿಯ ನಾಲ್ಕು ಬಾಗಿಲುಗಳ ಹಿಂದೆ ನಾಲ್ಕು ಭಾಷೆಯ ಸಂಸಾರಗಳಿರುತ್ತವೆ. ಒಂದು ಬಾಗಿಲು ರಾತ್ರಿ ಹನ್ನೊಂದಕ್ಕೆ ಮುಚ್ಚಿ, ಅದರ ಹೊರಗೆ ಒಬ್ಬ ಹೆಣ್ಣುಮಗಳು ಮಗುವಿನೊಡನೆ ನಿಂತಿದ್ದರೆ, ಉಳಿದ ಮೂರು ಬಾಗಿಲುಗಳು ತೆರೆಯುವುದೋ ಇಲ್ಲವೋ ಹೇಳಲಾಗದು.

ಅಂತಹ ಸಮಯದಲ್ಲಿ ಎಲ್ಲಕ್ಕಿಂತ ಮೊದಲು ಕೇಳಿಬರುವ ಮಾತು ಒಂದೇ: 'ಮನೆ ನನ್ನ ಹೆಸರಿನಲ್ಲಿದೆ, ಹೊರಗೆ ನಡೆ.' ಈ ಮಾತನ್ನು ಆಡುವವರೂ ನಂಬುತ್ತಾರೆ, ಕೇಳುವವರೂ ನಂಬುತ್ತಾರೆ. ಅದು ಕಾನೂನಿನ ಮಾತಲ್ಲವೆಂಬುದನ್ನೂ, ಕಿರುಕುಳವನ್ನು ತಡೆಯುವ ಮತ್ತು ಮನೆಯಿಂದ ಹೊರದೂಡುವುದನ್ನು ನಿಲ್ಲಿಸುವ ಆದೇಶಗಳನ್ನು ನ್ಯಾಯಾಲಯವು ಹೇಗೆ ನೀಡುತ್ತದೆ ಎಂಬುದನ್ನೂ ಸರಳವಾಗಿ ತಿಳಿಸುವುದೇ ಈ ಲೇಖನದ ಉದ್ದೇಶ.

ಹಿಂದಿನ ಸ್ಥಿತಿ

ಪತ್ನಿಗೆ ವಾಸದ ಹಕ್ಕು ಎಂಬುದು ಹೊಸ ಕಲ್ಪನೆಯೇನೂ ಅಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವು 'ಜೀವನಾಂಶ' ಎಂಬ ಪದದೊಳಗೆ ಅನ್ನ, ವಸ್ತ್ರ, ಶಿಕ್ಷಣ, ಔಷಧೋಪಚಾರಗಳ ಜೊತೆಗೆ ವಾಸಸ್ಥಾನವನ್ನೂ ಸೇರಿಸಿತ್ತು. ಆದರೆ ಅದನ್ನು ಪಡೆಯಬೇಕಾದರೆ ದೀರ್ಘವಾದ ಸಿವಿಲ್ ದಾವೆಯನ್ನು ನಡೆಸಬೇಕಾಗಿತ್ತು. ಈ ರಾತ್ರಿ ಎಲ್ಲಿ ಮಲಗಬೇಕೆಂಬ ಪ್ರಶ್ನೆಗೆ ಹಲವು ವರ್ಷಗಳ ನಂತರ ಬರುವ ತೀರ್ಪು ಉತ್ತರವಾಗಲಾರದು.

ಬಾಡಿಗೆಯ ಮನೆಗಳಲ್ಲಿ ಇರುವವರಿಗೆ ಪಾಠವಾಗಬಲ್ಲ ಒಂದು ಪ್ರಕರಣವು ಕರ್ನಾಟಕದಿಂದಲೇ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿತ್ತು. ಬಾಡಿಗೆದಾರನಾಗಿದ್ದ ಪತಿಯು ಪತ್ನಿಯನ್ನು ತೊರೆದು ಹೋಗಿದ್ದನು. ಆಕೆ ಅದೇ ಮನೆಯಲ್ಲಿ ಉಳಿದಿದ್ದಳು. ಮಾಲಿಕರು ಮನೆಯನ್ನು ತೆರವು ಮಾಡಿಸಲು ದಾವೆ ಹೂಡಿದ್ದರು. 2005ರ ಫೆಬ್ರವರಿಯಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು ಮಹತ್ವದ ತತ್ತ್ವವೊಂದನ್ನು ಸಾರಿತು: ಪತಿಯು ತೊರೆದ ಪತ್ನಿಯು ಬಾಡಿಗೆಯನ್ನು ಸಲ್ಲಿಸುತ್ತ, ಬಾಡಿಗೆದಾರನ ಹೊಣೆಗಳನ್ನು ಹೊತ್ತು, ಪತಿಗಿದ್ದ ಹಕ್ಕಿನ ಮಿತಿಯೊಳಗೆ ಆ ದಾವೆಯನ್ನು ಎದುರಿಸಬಹುದು. ಆದರೂ ಆ ಪ್ರಕರಣದಲ್ಲಿ ಆಕೆಗೆ ಮನೆ ಉಳಿಯಲಿಲ್ಲ. ದಾವೆ ನಡೆಯುತ್ತಿರುವಾಗಲೇ ಪರಸ್ಪರ ಒಪ್ಪಿಗೆಯ ವಿಚ್ಛೇದನವಾಗಿತ್ತು. ಅದರ ಕರಾರಿನಲ್ಲಿ ವಾಸದ ವಿಷಯ ಬರೆದಿರಲಿಲ್ಲ. ವಿಚ್ಛೇದನದ ಕಾಗದಕ್ಕೆ ಸಹಿ ಹಾಕುವ ಮುನ್ನ ತಲೆಯ ಮೇಲಿನ ಸೂರಿನ ಬಗ್ಗೆ ಒಂದು ಸಾಲನ್ನಾದರೂ ಬರೆಸಿಕೊಳ್ಳಬೇಕೆಂಬುದು ಈ ಪ್ರಕರಣದ ಪಾಠ.

2005ರ ಅಧಿನಿಯಮ

ಅದೇ ವರ್ಷ ಸಂಸತ್ತು 'ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ'ವನ್ನು ಅಂಗೀಕರಿಸಿತು. 2006ರ ಅಕ್ಟೋಬರ್ 26ರಂದು ಅದು ಜಾರಿಗೆ ಬಂದಿತು. ಇದರ ಗುರಿ ಮುಖ್ಯವಾಗಿ ಶಿಕ್ಷೆಯಲ್ಲ, ರಕ್ಷಣೆ. ಪತಿಯನ್ನು ಜೈಲಿಗೆ ಕಳುಹಿಸದೆಯೇ, ವಿಚ್ಛೇದನವನ್ನು ಕೇಳದೆಯೇ, ನೆಮ್ಮದಿಯಿಂದ ಮನೆಯಲ್ಲಿರುವ ಅವಕಾಶವನ್ನು ಹೆಣ್ಣುಮಗಳು ಮ್ಯಾಜಿಸ್ಟ್ರೇಟರಿಂದ ಬೇಡಬಹುದು.

ಹಿಂಸೆಯೆಂದರೆ ಕೇವಲ ಹೊಡೆತವೆಂದು ಈ ಕಾನೂನು ಭಾವಿಸುವುದಿಲ್ಲ. ದೈಹಿಕ, ಲೈಂಗಿಕ, ಮಾತಿನ ಹಾಗೂ ಮಾನಸಿಕ, ಮತ್ತು ಆರ್ಥಿಕ ಎಂದು ನಾಲ್ಕು ಬಗೆಗಳನ್ನು ಮೂರನೆಯ ಕಲಮಿನಲ್ಲಿ ಹೇಳಿದೆ. ಮನೆಖರ್ಚಿಗೆ ಹಣ ಕೊಡದಿರುವುದು, ಸ್ತ್ರೀಧನವನ್ನು ಮಾರಿಬಿಡುವುದು, ಮನೆಯೊಳಗೆ ಪ್ರವೇಶಿಸದಂತೆ ಅಡ್ಡಿಪಡಿಸುವುದು ಮುಂತಾದುವೆಲ್ಲ ಆರ್ಥಿಕ ಹಿಂಸೆಯೆಂದು ಪರಿಗಣಿತವಾಗುತ್ತವೆ.

ಎರಡನೆಯ ಮುಖ್ಯ ಅಂಶ 'ಕೂಡಿ ಬಾಳಿದ ಮನೆ' ಎಂಬ ಕಲ್ಪನೆ. ಕುಟುಂಬದ ಸಂಬಂಧದಲ್ಲಿ ಆಕೆ ಈಗ ಬಾಳುತ್ತಿರುವ ಅಥವಾ ಹಿಂದೆ ಯಾವಾಗಲಾದರೂ ಬಾಳಿದ್ದ ಮನೆಯೇ ಅದು. ಆ ಮನೆ ಸ್ವಂತದ್ದಿರಬಹುದು, ಬಾಡಿಗೆಯದಿರಬಹುದು, ಅವಿಭಕ್ತ ಕುಟುಂಬದ್ದಿರಬಹುದು. 17ನೆಯ ಕಲಮಿನ ಪ್ರಕಾರ ಅಲ್ಲಿ ವಾಸಿಸುವ ಹಕ್ಕು ಆಕೆಗಿದೆ, ಆಸ್ತಿಯಲ್ಲಿ ಪಾಲಿದ್ದರೂ ಸರಿ, ಇಲ್ಲದಿದ್ದರೂ ಸರಿ. ಕಾನೂನಿನಲ್ಲಿ ಹೇಳಿರುವ ಕ್ರಮವನ್ನು ಬಿಟ್ಟು ಆಕೆಯನ್ನು ಹೊರಹಾಕುವಂತಿಲ್ಲ. ಇದು ಮನೆಯ ಒಡೆತನವನ್ನು ಕೊಡುವ ಹಕ್ಕಲ್ಲ. ಮಾರುವ ಹಕ್ಕೂ ಅಲ್ಲ. ವಾಸದ ಹಕ್ಕು ಮಾತ್ರ. ಈ ಭೇದವನ್ನು ಎರಡೂ ಕಡೆಯವರು ಮನಗಂಡರೆ ಅರ್ಧ ಜಗಳ ತಾನಾಗಿ ಅಡಗೀತು.

ಎರಡು ಬಗೆಯ ಆದೇಶಗಳು

ಮೊದಲನೆಯದು ರಕ್ಷಣಾದೇಶ, ಇದು 18ನೆಯ ಕಲಮಿಗೆ ಸೇರಿದುದು. ಹಿಂಸೆ ಮಾಡಬಾರದು, ಆಕೆ ಕೆಲಸ ಮಾಡುವ ಸ್ಥಳಕ್ಕೋ ಮಗುವಿನ ಶಾಲೆಗೋ ಹೋಗಿ ಕಾಡಬಾರದು, ಎದುರಿಗೆ ಬಂದಾಗಲಿ, ಪತ್ರ ಬರೆದಾಗಲಿ, ದೂರವಾಣಿಯಲ್ಲಾಗಲಿ ಸಂಪರ್ಕಿಸಬಾರದು, ಬ್ಯಾಂಕಿನ ಖಾತೆ ಮತ್ತು ಲಾಕರನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಬಳಸಬಾರದು, ಆಕೆಗೆ ನೆರವಾದ ಬಂಧುಗಳನ್ನು ಪೀಡಿಸಬಾರದು, ಹೀಗೆ ಸಂದರ್ಭಾನುಸಾರ ನಿರ್ಬಂಧಗಳನ್ನು ವಿಧಿಸಬಹುದು.

ಎರಡನೆಯದು ವಾಸದ ಆದೇಶ, 19ನೆಯ ಕಲಂ. ಆಕೆಯನ್ನು ಹೊರಹಾಕದಂತೆ ತಡೆಯುವುದು, ಪತಿಯೇ ಮನೆಯಿಂದ ಹೊರಗಿರುವಂತೆ ಹೇಳುವುದು, ಆಕೆಯಿರುವ ಭಾಗಕ್ಕೆ ಪತಿಯಾಗಲಿ ಅವನ ಬಂಧುಗಳಾಗಲಿ ಕಾಲಿಡದಂತೆ ಮಾಡುವುದು, ಮನೆಯನ್ನು ಮಾರದಂತೆ, ಒತ್ತೆಯಿಡದಂತೆ ತಡೆಯುವುದು, ಇಲ್ಲವೇ ಅದೇ ಮಟ್ಟದ ಬೇರೆ ಮನೆಯನ್ನು ಒದಗಿಸಿ ಬಾಡಿಗೆ ಕೊಡುವಂತೆ ಆಜ್ಞಾಪಿಸುವುದು, ಇವೆಲ್ಲ ಇದರಲ್ಲಿ ಅಡಕವಾಗಿವೆ. ಹತ್ತಿರದ ಪೊಲೀಸ್ ಠಾಣೆಯ ಅಧಿಕಾರಿಯು ರಕ್ಷಣೆ ಕೊಡಬೇಕೆಂದೂ, ಸ್ತ್ರೀಧನವನ್ನು ಹಿಂದಿರುಗಿಸಬೇಕೆಂದೂ ಇದೇ ಕಲಮಿನ ಅಡಿಯಲ್ಲಿ ಹೇಳಬಹುದು.

ಪುಣೆಯಲ್ಲಿ ಬಹಳಷ್ಟು ಕನ್ನಡ ಕುಟುಂಬಗಳು ಹನ್ನೊಂದು ತಿಂಗಳ ಕರಾರಿನ ಬಾಡಿಗೆ ಮನೆಗಳಲ್ಲಿವೆ. ಕರಾರು ಮುಗಿದರೆ ಮಾಲಿಕರು ಮನೆಯನ್ನು ಬಿಡಿಸಿಕೊಳ್ಳುವರು. ಅವರು ಈ ಜಗಳಕ್ಕೆ ಸಂಬಂಧಿಸಿದವರಲ್ಲ. ಅಂತಹವರು ಅದೇ ಮಟ್ಟದ ಬೇರೆ ಮನೆಯ ಬಾಡಿಗೆಯನ್ನು ಪತಿಯಿಂದ ಕೊಡಿಸುವ ಆದೇಶವನ್ನೇ ಕೇಳುವುದು ಹೆಚ್ಚು ಪ್ರಯೋಜನಕಾರಿ. ಸ್ವಂತ ಫ್ಲ್ಯಾಟ್ ಉಳ್ಳವರು ಮಾರಾಟವನ್ನು ತಡೆಯುವ ಆದೇಶ ದೊರೆತಾಗ ಅದರ ಒಂದು ಪ್ರತಿಯನ್ನು ಸಹಕಾರಿ ಗೃಹ ಸೊಸೈಟಿಯ ಕಾರ್ಯದರ್ಶಿಗೂ ಕೊಟ್ಟು ಸ್ವೀಕೃತಿಯ ಸಹಿ ಪಡೆದಿರುವುದು ಲೇಸು.

ಮುಂಬಯಿಯ ಒಂದು ಪ್ರಕರಣದಲ್ಲಿ ಗಂಡ ಹೆಂಡತಿಯರಿಬ್ಬರೂ ಫ್ಲ್ಯಾಟಿಗೆ ಜಂಟಿ ಒಡೆಯರಾಗಿದ್ದರು. ಪತ್ನಿ ಮತ್ತು ಹೆಣ್ಣುಮಕ್ಕಳ ಹಿತವನ್ನು ಪರಿಗಣಿಸಿ ಪತಿಯೇ ಹೊರಗಿರಬೇಕೆಂದು ಕುಟುಂಬ ನ್ಯಾಯಾಲಯ ಹೇಳಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ಆದೇಶವನ್ನು ಎತ್ತಿಹಿಡಿಯಿತು. ಒಡೆತನವೊಂದೇ ಎಲ್ಲವನ್ನೂ ನಿರ್ಧರಿಸದು ಎಂಬುದಕ್ಕೆ ಇದು ನಿದರ್ಶನ.

ಅತ್ತೆ ಮಾವಂದಿರ ಹೆಸರಿನ ಮನೆ

ಅತ್ಯಂತ ಜಟಿಲವಾದ ಪ್ರಶ್ನೆ ಎದ್ದುದು ಇಲ್ಲಿ. 2006ರ ಡಿಸೆಂಬರಿನಲ್ಲಿ ದೆಹಲಿಯ ಒಂದು ಪ್ರಕರಣವನ್ನು ತೀರ್ಮಾನಿಸುತ್ತ ಸರ್ವೋಚ್ಚ ನ್ಯಾಯಾಲಯವು, ಮನೆ ಪತಿಯದ್ದಾಗಿರಬೇಕು ಅಥವಾ ಅವನು ಬಾಡಿಗೆಗೆ ಪಡೆದದ್ದಾಗಿರಬೇಕು, ಇಲ್ಲವೇ ಅವನು ಸದಸ್ಯನಾಗಿರುವ ಅವಿಭಕ್ತ ಕುಟುಂಬದ್ದಾಗಿರಬೇಕು; ಅತ್ತೆಯ ಸ್ವಂತ ಮನೆಯಲ್ಲಿ ಸೊಸೆಗೆ ಹಕ್ಕಿಲ್ಲ ಎಂದಿತು. ಅದಾದ ಮೇಲೆ ಮನೆಯನ್ನು ತಂದೆತಾಯಿಗಳ ಹೆಸರಿಗೆ ಬರೆದುಬಿಟ್ಟರೆ ಸಾಕೆಂಬ ಉಪಾಯ ಅನೇಕರಿಗೆ ಹೊಳೆಯಿತು.

ಹದಿನಾಲ್ಕು ವರ್ಷಗಳ ತರುವಾಯ, 2020ರ ಅಕ್ಟೋಬರ್ 15ರಂದು, ನ್ಯಾಯಮೂರ್ತಿ ಅಶೋಕ್ ಭೂಷಣ್ ಅವರಿದ್ದ ಮೂವರ ಪೀಠವು ಆ ವ್ಯಾಖ್ಯಾನ ಸರಿಯಲ್ಲವೆಂದು ಹೇಳಿತು. ಪತಿಯ ಬಂಧುಗಳ ಮನೆಯೂ, ಸೊಸೆ ಅಲ್ಲಿ ಸ್ವಲ್ಪ ಸ್ಥಿರವಾಗಿ ಬಾಳಿದ್ದರೆ, ಕೂಡಿ ಬಾಳಿದ ಮನೆಯಾಗಬಲ್ಲುದು. ಹಬ್ಬಕ್ಕೆ ಬಂದು ನಾಲ್ಕು ದಿನ ಇದ್ದು ಹೋದರೆ ಸಾಲದು. ಅದರ ಜೊತೆಗೇ, ಈ ಹಕ್ಕು ಎಂದೆಂದಿಗೂ ಕದಲಿಸಲಾಗದ್ದಲ್ಲವೆಂದೂ, ಮುಪ್ಪಿನಲ್ಲಿ ನೆಮ್ಮದಿಯಿಂದ ಇರುವ ಹಕ್ಕು ಅತ್ತೆ ಮಾವಂದಿರಿಗೂ ಇದೆಯೆಂದೂ, ನ್ಯಾಯಾಲಯಗಳು ಇವೆರಡನ್ನೂ ತೂಗಿ ನೋಡಬೇಕೆಂದೂ ಪೀಠವು ಎಚ್ಚರಿಸಿತು.

ಎರಡೇ ತಿಂಗಳ ನಂತರ, ಡಿಸೆಂಬರ್ 15ರಂದು, ಬೆಂಗಳೂರಿನ ಪ್ರಕರಣವೊಂದರ ತೀರ್ಪು ಬಂದಿತು. ಗಂಡನು ಕೊಂಡಿದ್ದ ನಿವೇಶನವು ತಂದೆಯ ಹೆಸರಿಗೆ ಹೋಗಿ, ಅಲ್ಲಿಂದ ದಾನಪತ್ರದ ಮೂಲಕ ತಾಯಿಯ ಹೆಸರಿಗೆ ಬಂದಿತ್ತು. ವೃದ್ಧರು 2007ರ ಹಿರಿಯ ನಾಗರಿಕರ ಅಧಿನಿಯಮದ ಅಡಿಯಲ್ಲಿ ಸೊಸೆಯನ್ನು ತೆರವು ಮಾಡಿಸಬೇಕೆಂದು ಅರ್ಜಿ ಹಾಕಿದರು. ಅಸಿಸ್ಟೆಂಟ್ ಕಮಿಷನರರೂ ಡೆಪ್ಯುಟಿ ಕಮಿಷನರರೂ ಅವರ ಪರವಾಗಿ ಆದೇಶ ಕೊಟ್ಟರು; ಕರ್ನಾಟಕ ಉಚ್ಚ ನ್ಯಾಯಾಲಯವೂ ಅದನ್ನು ಒಪ್ಪಿತು. ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರು ಬರೆದ ತೀರ್ಪು ಆ ತೆರವು ಆದೇಶವನ್ನು ರದ್ದುಗೊಳಿಸಿತು. ಹಿರಿಯರನ್ನು ಕಾಪಾಡಲು ರಚಿತವಾದ ಕಾನೂನನ್ನು, ಹೆಣ್ಣುಮಗಳ ವಾಸದ ಹಕ್ಕನ್ನು ಅಳಿಸಿಹಾಕುವ ಸಾಧನವನ್ನಾಗಿ ಬಳಸಲಾಗದು. ಎರಡೂ ಕಾನೂನುಗಳನ್ನು ಹೊಂದಿಸಿ ಓದಬೇಕು ಎಂಬುದು ಅದರ ಸಾರ. ಆಕೆಯು 2005ರ ಅಧಿನಿಯಮದಂತೆ ಅರ್ಜಿ ಹಾಕಿಕೊಳ್ಳಲು ಅವಕಾಶವಾಗಲೆಂದು, ಒಂದು ವರ್ಷದವರೆಗೆ ಬಲವಂತದಿಂದ ಹೊರಹಾಕಬಾರದೆಂದೂ, ಮನೆಯನ್ನು ಪರಭಾರೆ ಮಾಡಬಾರದೆಂದೂ, ಮನೆಗೆ ವಿದ್ಯುತ್ ಸಂಪರ್ಕವನ್ನು ಮತ್ತೆ ಕೊಡಿಸಬೇಕೆಂದೂ ನ್ಯಾಯಾಲಯ ನಿರ್ದೇಶಿಸಿತು. ಹೊರದೂಡುವುದೆಂದರೆ ಕುತ್ತಿಗೆ ಹಿಡಿದು ನೂಕುವುದಷ್ಟೇ ಅಲ್ಲ, ದೀಪವಿಲ್ಲದಂತೆ ಮಾಡುವುದೂ ಅದರ ಒಂದು ಬಗೆಯೇ.

2022ರ ಮೇ ತಿಂಗಳ ಮತ್ತೊಂದು ತೀರ್ಪಿನಿಂದ ಇನ್ನೆರಡು ಸಂದೇಹಗಳು ನಿವಾರಣೆಯಾದುವು. ಅರ್ಜಿ ಹಾಕುವ ದಿನ ಆಕೆ ಆ ಮನೆಯಲ್ಲೇ ಇರಬೇಕೆಂಬ ನಿಯಮವಿಲ್ಲ. ಸಂರಕ್ಷಣಾಧಿಕಾರಿಯ ವರದಿ ಬಂದಿಲ್ಲವೆಂಬ ಕಾರಣದಿಂದ ಮ್ಯಾಜಿಸ್ಟ್ರೇಟರು ಆದೇಶವನ್ನು ತಡೆಹಿಡಿಯಬೇಕಾಗಿಯೂ ಇಲ್ಲ.

ಅರ್ಜಿ ಹಾಕುವ ಬಗೆ

ಅರ್ಜಿಯನ್ನು ಪ್ರಥಮ ದರ್ಜೆಯ ಮ್ಯಾಜಿಸ್ಟ್ರೇಟರ ಮುಂದೆ 12ನೆಯ ಕಲಮಿನ ಪ್ರಕಾರ ಸಲ್ಲಿಸಬೇಕು. ಆಕೆ ತಾನೇ ಸಲ್ಲಿಸಬಹುದು, ಸಂರಕ್ಷಣಾಧಿಕಾರಿಯ ಮೂಲಕವೂ ಸಲ್ಲಿಸಬಹುದು, ಆಕೆಯ ಪರವಾಗಿ ಇತರರೂ ಸಲ್ಲಿಸಬಹುದು. ಕುಟುಂಬ ನ್ಯಾಯಾಲಯದಲ್ಲಿ ಈಗಾಗಲೇ ವಿಚ್ಛೇದನದ ಅಥವಾ ಮಕ್ಕಳ ಪಾಲನೆಯ ವ್ಯಾಜ್ಯ ನಡೆಯುತ್ತಿದ್ದರೆ ಅಲ್ಲಿಯೇ ಈ ಪರಿಹಾರಗಳನ್ನು ಬೇಡಲು 26ನೆಯ ಕಲಂ ಅವಕಾಶ ಕೊಡುತ್ತದೆ. ಧನಕವಡಿಯವರಿಗೆ ಜಿಲ್ಲಾ ನ್ಯಾಯಾಲಯ ಶಿವಾಜಿನಗರದಲ್ಲಿದೆ. 2024ರಿಂದ ಸ್ವಾರಗೇಟಿನಲ್ಲಿ ಮೆಟ್ರೋ ಹತ್ತಿದರೆ ಜಿಲ್ಲಾ ನ್ಯಾಯಾಲಯದ ನಿಲ್ದಾಣದಲ್ಲೇ ಇಳಿಯಬಹುದಾಗಿದೆ.

ವಲಸೆ ಬಂದವರಿಗೆ ವಿಶೇಷವಾಗಿ ಉಪಯುಕ್ತವಾದುದು 27ನೆಯ ಕಲಂ. ಹೆಣ್ಣುಮಗಳು ಖಾಯಂ ಆಗಿಯೋ ತಾತ್ಕಾಲಿಕವಾಗಿಯೋ ಎಲ್ಲಿ ವಾಸಿಸುತ್ತಿರುವಳೋ, ಎಲ್ಲಿ ದುಡಿಯುತ್ತಿರುವಳೋ, ಅಲ್ಲಿಯ ಮ್ಯಾಜಿಸ್ಟ್ರೇಟರಿಗೂ ಅಧಿಕಾರವಿದೆ. ಪೆಟ್ಟು ತಿಂದು ಧನಕವಡಿಯಿಂದ ವಿಜಯಪುರದ ಅಥವಾ ಕಲಬುರಗಿಯ ತವರುಮನೆ ಸೇರಿದವಳು ಅಲ್ಲಿಯೇ, ತನ್ನ ಭಾಷೆಯಲ್ಲೇ ಮಾತಾಡುವ ವಕೀಲರನ್ನು ಹಿಡಿದು, ಅರ್ಜಿ ಹಾಕಬಹುದು. ಆ ಆದೇಶ ಭಾರತದಾದ್ಯಂತ ಜಾರಿಯಾಗತಕ್ಕದ್ದು. ಪುಣೆಯಲ್ಲಿಯೂ ಅದು ಅಷ್ಟೇ ಸಿಂಧು.

ಮೊದಲನೆಯ ವಿಚಾರಣೆ ಸಾಮಾನ್ಯವಾಗಿ ಮೂರು ದಿನಗಳೊಳಗೆ ನಡೆಯಬೇಕು. ಅಲ್ಲಿಂದ 60 ದಿನಗಳೊಳಗೆ ಅರ್ಜಿಯನ್ನು ಇತ್ಯರ್ಥಪಡಿಸಲು ಯತ್ನಿಸಬೇಕು ಎಂದು ಕಾನೂನು ಹೇಳುತ್ತದೆ. ಆಚರಣೆಯಲ್ಲಿ ಈ ಅವಧಿ ಮೀರುವುದುಂಟು. ಆದುದರಿಂದಲೇ 23ನೆಯ ಕಲಂ ಮುಖ್ಯವಾದುದು. ಅಪಾಯ ಸಮೀಪದಲ್ಲಿದೆಯೆಂದು ಪ್ರಮಾಣಪತ್ರದಿಂದ ತೋರಿಬಂದರೆ ಎದುರು ಪಕ್ಷವನ್ನು ಕೇಳುವ ಮುನ್ನವೇ ಮಧ್ಯಂತರ ಆದೇಶ ಕೊಡಬಹುದು. ಮೂಲ ಅರ್ಜಿಯೊಡನೆಯೇ ಈ ಮಧ್ಯಂತರ ಅರ್ಜಿಯನ್ನೂ ಸೇರಿಸುವಂತೆ ವಕೀಲರಿಗೆ ನೆನಪಿಸಬೇಕು.

ಖರ್ಚಿನ ಚಿಂತೆಯಿಂದ ಹಿಂಜರಿಯುವವರು ತಿಳಿಯಬೇಕಾದ ಸಂಗತಿಯೆಂದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದ ಪ್ರಕಾರ ಯಾವ ಮಹಿಳೆಗಾದರೂ, ಆಕೆಯ ವರಮಾನ ಎಷ್ಟೇ ಇರಲಿ, ಉಚಿತವಾಗಿ ವಕೀಲರ ನೆರವು ದೊರೆಯುತ್ತದೆ. ಅದನ್ನು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಬೇಕು. 15100 ಎಂಬ ದೂರವಾಣಿಯಲ್ಲೂ ವಿಚಾರಿಸಬಹುದು. ಕೂಡಲೇ ರಕ್ಷಣೆ ಬೇಕಾದಾಗ 112 ಮತ್ತು ಮಹಿಳೆಯರಿಗಾಗಿ ಇರುವ 181 ನೆನಪಿನಲ್ಲಿರಲಿ. ಸಂರಕ್ಷಣಾಧಿಕಾರಿಗಳ ಕೊರತೆ ಬಹುಕಾಲದ ದೂರು. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಜಿಲ್ಲಾ ಹಾಗೂ ತಾಲ್ಲೂಕು ಮಟ್ಟದಲ್ಲಿ ಅವರನ್ನು ನಿಯೋಜಿಸುವಂತೆ ರಾಜ್ಯಗಳಿಗೆ ನಿರ್ದೇಶನವಿತ್ತಿದೆ.

ಪುಣೆಯ ನ್ಯಾಯಾಲಯಗಳಲ್ಲಿ ಮರಾಠಿ ಕಾಗದಪತ್ರಗಳೇ ಹೆಚ್ಚು. ಓದಲು ಬಾರದ ಕಾಗದಕ್ಕೆ, ಅದನ್ನು ಯಾರಾದರೂ ಬಲ್ಲವರಿಂದ ಸಾಲುಸಾಲಾಗಿ ಕೇಳಿ ತಿಳಿಯದೆ, ಸಹಿ ಹಾಕಕೂಡದು.

ವೈದ್ಯರ ಪಾತ್ರ

ಇಂತಹ ಪ್ರಕರಣಗಳಲ್ಲಿ ವಕೀಲರಿಗಿಂತ ಮೊದಲು ಸಂಗತಿ ತಿಳಿಯುವುದು ಬಹುಶಃ ವೈದ್ಯರಿಗೆ. 'ಬಚ್ಚಲಲ್ಲಿ ಜಾರಿ ಬಿದ್ದೆ' ಎನ್ನುವ ಮಾತಿನ ಹಿಂದೆ ಬೇರೊಂದು ಕಥೆ ಇರುವುದನ್ನು ಅನುಭವಿ ವೈದ್ಯರು ಬಲ್ಲರು. ನಿದ್ರೆ ಬಾರದಿರುವುದು, ಪದೇ ಪದೇ ತಲೆನೋವು, ಎದೆ ಡವಗುಟ್ಟುವುದು, ಊಟ ಸೇರದಿರುವುದು, ಮಕ್ಕಳು ಹಾಸಿಗೆ ಒದ್ದೆ ಮಾಡತೊಡಗುವುದು, ಇವೂ ಕೆಲವೊಮ್ಮೆ ಮನೆಯೊಳಗಿನ ಭೀತಿಯ ಚಿಹ್ನೆಗಳು. ನೊಂದವಳಾಗಲಿ, ಆಕೆಯ ಪರವಾಗಿ ಅಧಿಕಾರಿಯಾಗಲಿ ಕೋರಿದರೆ ವೈದ್ಯಕೀಯ ನೆರವು ಕೊಡಲೇಬೇಕೆಂದು ಏಳನೆಯ ಕಲಂ ಆಸ್ಪತ್ರೆಯ ಮುಖ್ಯಸ್ಥರಿಗೆ ಕರ್ತವ್ಯ ವಿಧಿಸಿದೆ. ದೂರು ದಾಖಲಾಗಿಲ್ಲವೆಂದು ಚಿಕಿತ್ಸೆ ನಿರಾಕರಿಸುವಂತಿಲ್ಲ. ಗಾಯದ ಕಾರಣವನ್ನು ವೈದ್ಯರಿಗೆ ನಿಜವಾಗಿ ಹೇಳಿ, ಅದನ್ನು ಚೀಟಿಯಲ್ಲಿ ದಿನಾಂಕಸಹಿತ ಬರೆಸಿಕೊಳ್ಳಬೇಕು. ಮುಂದೆ ನ್ಯಾಯಾಲಯದಲ್ಲಿ ಆ ಒಂದು ಚೀಟಿ ಹತ್ತು ಮಾತುಗಳಿಗಿಂತ ಹೆಚ್ಚು ಬೆಲೆಯುಳ್ಳದ್ದಾಗುತ್ತದೆ. ಔಷಧೋಪಚಾರದ ಖರ್ಚನ್ನೂ 20ನೆಯ ಕಲಮಿನಂತೆ ಕೇಳಲು ಬರುತ್ತದೆ.

ಇದರೊಡನೆ ಮದುವೆಯ ಪತ್ರಿಕೆ ಅಥವಾ ನೋಂದಣಿ, ಆ ಮನೆಯಲ್ಲೇ ವಾಸವಿದ್ದುದಕ್ಕೆ ಆಧಾರವಾಗುವ ರೇಷನ್ ಕಾರ್ಡು, ಆಧಾರ್, ಮಗುವಿನ ಶಾಲೆಯ ದಾಖಲೆ, ಗ್ಯಾಸಿನ ಪುಸ್ತಕ, ಬಾಡಿಗೆಯ ಕರಾರು, ಒಡವೆಗಳ ಪಟ್ಟಿ ಮುಂತಾದವುಗಳ ಪ್ರತಿಗಳನ್ನು ಮನೆಯ ಹೊರಗೆ, ನಂಬಿಕೆಯುಳ್ಳವರ ಬಳಿ ಇಟ್ಟಿರುವುದು ಜಾಣತನ.

ಆದೇಶ ಕೈಗೆ ಬಂದ ಮೇಲೆ

ಆದೇಶವು ಕಪಾಟಿನಲ್ಲಿದ್ದರೆ ಸಾಲದು. ಅದರ ಪ್ರತಿಯನ್ನು ಪಕ್ಷಗಳಿಗೂ ಪೊಲೀಸರಿಗೂ ಉಚಿತವಾಗಿ ಕೊಡಬೇಕೆಂದು ಕಾನೂನಿದೆ. ತಮ್ಮ ಠಾಣೆಗೆ ಅದು ತಲುಪಿದೆಯೇ ಎಂದು ವಿಚಾರಿಸಬೇಕು. ರಕ್ಷಣಾದೇಶವನ್ನು ಉಲ್ಲಂಘಿಸಿದರೆ 31ನೆಯ ಕಲಮಿನಂತೆ ಒಂದು ವರ್ಷದವರೆಗೆ ಸೆರೆ, ಅಥವಾ 20,000 ರೂಪಾಯಿಗಳವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಈ ಕಲಂ ರಕ್ಷಣಾದೇಶವನ್ನೇ ಹೆಸರಿಸಿರುವುದರಿಂದ, ವಾಸದ ಆದೇಶವೊಂದನ್ನೇ ಕೇಳದೆ ಎರಡನ್ನೂ ಒಟ್ಟಿಗೆ ಬೇಡುವುದು ಕ್ಷೇಮ. ಆಕೆ ತಾನಾಗಿ ಬೇಡವೆನ್ನುವವರೆಗೆ ರಕ್ಷಣಾದೇಶ ಜಾರಿಯಲ್ಲಿರುತ್ತದೆ. ಸಂದರ್ಭ ಬದಲಾದರೆ ಅದನ್ನು ಮಾರ್ಪಡಿಸುವಂತೆ ಎರಡು ಪಕ್ಷದವರೂ ಕೇಳಬಹುದು.

ಪತಿಯ ಕಡೆಯ ಮಾತು

ಕಾನೂನು ಒಂದೇ ಕಿವಿಯಿಂದ ಕೇಳುವುದಿಲ್ಲ. ಏಕಪಕ್ಷೀಯ ಆದೇಶ ಬಂದವನಿಗೂ ಹಾಜರಾಗಿ ಉತ್ತರ ಕೊಡುವ, ಮಾರ್ಪಾಟು ಬೇಡುವ, 30 ದಿನಗಳೊಳಗೆ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸುವ ಹಕ್ಕಿದೆ. ಈ ಅಧಿನಿಯಮದಂತೆ ಅರ್ಜಿ ಹಾಕುವ ಅವಕಾಶ ಪುರುಷರಿಗಿಲ್ಲ. ಆದರೆ ಕಿರುಕುಳಕ್ಕೊಳಗಾದ ಪತಿಯು ಪೊಲೀಸರಿಗೆ ದೂರು ಕೊಡಬಹುದು, 1984ರ ಕುಟುಂಬ ನ್ಯಾಯಾಲಯಗಳ ಅಧಿನಿಯಮದಂತೆ ವೈವಾಹಿಕ ಸಂಬಂಧದಿಂದ ಉದ್ಭವಿಸಿದ ವಿಷಯದಲ್ಲಿ ತಡೆಯಾಜ್ಞೆ ಕೇಳಬಹುದು, ಕ್ರೌರ್ಯದ ಕಾರಣದಿಂದ ವಿಚ್ಛೇದನ ಬೇಡಬಹುದು. 2016ರ ಒಂದು ತೀರ್ಪಿನ ನಂತರ ಅತ್ತೆ, ನಾದಿನಿಯರ ಮೇಲೂ ಅರ್ಜಿ ಹಾಕಬಹುದಾಗಿದೆಯಾದರೂ, ಯಾವ ಹೆಂಗಸನ್ನೂ ಮನೆಯಿಂದ ಹೊರಹೋಗುವಂತೆ ಈ ಅಧಿನಿಯಮದ ಅಡಿಯಲ್ಲಿ ಹೇಳುವಂತಿಲ್ಲ. ಅವನು ಮಾಡಬಾರದ ಕೆಲಸವೆಂದರೆ ಬೀಗ ಬದಲಾಯಿಸುವುದು, ಸಾಮಾನನ್ನು ಮೆಟ್ಟಿಲ ಮೇಲೆ ಇಡುವುದು, ವಿದ್ಯುತ್ ತಂತಿ ಕೀಳಿಸುವುದು. ತನ್ನ ಪಕ್ಷ ಎಷ್ಟೇ ನ್ಯಾಯವಾಗಿದ್ದರೂ ಆ ಒಂದು ಬೀಗದಿಂದ ಅದು ಕೆಡುತ್ತದೆ.

ನೆರೆಹೊರೆಯ ಹೊಣೆ

ಯಾವ ಕನ್ನಡ ಸಂಘವೂ ನ್ಯಾಯಾಲಯವಾಗಲಾರದು, ಆಗಬಾರದು ಕೂಡ. ಆದರೆ ಸಂಘದ ಹಿರಿಯರಿಂದ ಸಾಧ್ಯವಾದ ಕೆಲಸಗಳು ಹಲವಿವೆ. ರಾಜಿಯ ಮಾತು ಬೇಕಾದುದೇ. ಆದರೆ ಬಾಗಿಲ ಹೊರಗೆ ನಿಂತವಳೊಡನೆ ರಾಜಿಯ ಮಾತು ಆಡಿದರೆ ಅದು ರಾಜಿಯಾಗದು, ಶರಣಾಗತಿಯಾದೀತು. ಮೊದಲು ಆಕೆ ಒಳಗೆ ಬರಲಿ, ಮಗು ಮಲಗಲಿ. ಅನಂತರ ಇಬ್ಬರೂ ಸಮನಾಗಿ ಕುಳಿತು ಮಾತಾಡಲಿ. ನ್ಯಾಯಾಲಯದ ಆದೇಶ ಮಾಡುವುದೂ ಇಷ್ಟನ್ನೇ. ಅದು ಸಂಸಾರವನ್ನು ಒಡೆಯುವುದೂ ಇಲ್ಲ, ಕೂಡಿಸುವುದೂ ಇಲ್ಲ; ಮುಂದಿನದನ್ನು ಯೋಚಿಸುವಷ್ಟು ಕಾಲ ಸೂರನ್ನು ಉಳಿಸಿಕೊಡುತ್ತದೆ. ಶಿವಾಜಿನಗರದವರೆಗೆ ಜೊತೆಗೆ ಹೋಗುವ ಒಬ್ಬ ಅಕ್ಕ, ಮರಾಠಿಯ ನೋಟೀಸನ್ನು ಓದಿ ಹೇಳುವ ಒಬ್ಬ ಅಣ್ಣ, ಆ ರಾತ್ರಿ ತೆರೆಯುವ ಒಂದು ಪಕ್ಕದ ಮನೆಯ ಬಾಗಿಲು, ಇಷ್ಟು ದೊರೆತರೆ ಊರಿನಿಂದ ದೂರವಿರುವ ಹೆಣ್ಣುಮಗಳಿಗೆ ತಾನು ಪರದೇಶಿಯಲ್ಲವೆಂಬ ಧೈರ್ಯ ಬಂದೀತು.